ಪಿಂಚಣಿ ಆಫೀಸಿನ ಗುರುಶಿಷ್ಯರು

ಕೆಲಸ ಕಲಿಸುತ್ತಿದ್ದ ಡಂಕನ್ ತನ್ನನ್ನು ಬೇಡವೆಂದ ಸುದ್ದಿ ಹೆಸ್ಟರ್‌ಗೆ ಮುಟ್ಟಿದ್ದು ಸೋಮವಾರ ಬೆಳಿಗ್ಗೆ, ಇಡೀ ತಂಡಕ್ಕೆ ಚಹಾ ಮಾಡುತ್ತಿದ್ದಾಗ. ಇಂಗ್ಲೆಂಡಿನ ಲೀಡ್ಸ್‌ನ ಆ ಪಿಂಚಣಿ ಆಫೀಸಿಗೆ ಅಪ್ರೆಂಟಿಸ್ ಆಗಿ ಸೇರಿದವರು ಮೊದಲು ಕಲಿಯಬೇಕಾದ ವಿದ್ಯೆ, ಯಾರ ಕಪ್ಪಿಗೆ ಎಷ್ಟು ಹಾಲು ಎಂಬುದು.

"ಇವತ್ತಿಂದ ನಿಂಗೆ ಕೆಲಸ ಕಲಿಸೋದು ಕ್ಲೈವ್," ಎಂದರು ಮ್ಯಾನೇಜರ್ ಮೋರೀನ್. "ಡಂಕನ್ನೇ ಬಂದು ಕೇಳ್ಕೊಂಡ. ಕಾರಣ ಕೇಳ್ಬೇಡಮ್ಮ, ಹೇಳೋ ಹಾಗಿಲ್ಲ."

ಹೆಸ್ಟರ್ ಕೇಳಲಿಲ್ಲ. ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಇಳಿಸಿ ಸೊಂಟ ಹೋದಮೇಲೆ, ಇಪ್ಪತ್ತೇಳರ ವಯಸ್ಸಿನಲ್ಲಿ ಹೊಸದಾಗಿ ಕಲಿಯಲು ಬಂದವಳು ಅವಳು. ಹಗಲೆಲ್ಲ ಕೆಲಸ, ಸಂಜೆ ಓದು, ನಡುವೆ ಮನೆಯಿರುವ ಹ್ಯಾಲಿಫ್ಯಾಕ್ಸಿಗೆ ಬಸ್ಸು. ಬರುವ ತಿಂಗಳು ಕೊನೆಯ ಪರೀಕ್ಷೆ. ಕಲಿಸಿದವನು 'ಇವಳು ಸಿದ್ಧ' ಎಂದರೆ ಮಾತ್ರ ಕೂರಬಹುದು. ಹಾಗೆನ್ನಲು ಮನಸ್ಸಾಗದೆ ಡಂಕನ್ ಜಾರಿಕೊಂಡಿದ್ದಾನೆ ಎಂದುಕೊಂಡಳು. ಅವಮಾನಪಡುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಅವಳಲ್ಲಿ ಅಷ್ಟೂ ಉಳಿದಿರಲಿಲ್ಲ.

ಗಂಡನನ್ನು ಕಳೆದುಕೊಂಡವರು ಫೋನ್ ಮಾಡಿದರೆ ಮೊದಲು ಸಂತಾಪ ಹೇಳು, ಆಮೇಲೆ ಹುಟ್ಟಿದ ದಿನ ಕೇಳು ಎಂದು ಕಲಿಸಿದವನು ಅವನೇ. ಪಕ್ಕದಲ್ಲಿ ಕೂತು, ತಪ್ಪಿದಾಗ ಪೆನ್ಸಿಲಿನಿಂದ ಮೇಜನ್ನು ಮೆಲ್ಲಗೆ ಕುಟ್ಟುತ್ತಿದ್ದ. ಇತ್ತೀಚೆಗೆ ತಪ್ಪಿದರೂ ಕುಟ್ಟುತ್ತಿರಲಿಲ್ಲ. ಅವಳು ಕಿವಿಯ ಹಿಂದೆ ಸಿಕ್ಕಿಸಿಕೊಂಡ ಕೂದಲನ್ನು ನೋಡುತ್ತಿದ್ದ. ಅವಳು ತಿರುಗಿದರೆ ಗೋಡೆಯಲ್ಲಿ ಏನೋ ಬಹಳ ಮುಖ್ಯವಾದದ್ದು ಕಂಡವನಂತೆ ಅತ್ತ ನೋಡುತ್ತಿದ್ದ.

ಶುಕ್ರವಾರ ಕ್ಲೈವ್ ಕನ್ನಡಕದ ಮೇಲಿನಿಂದ ನೋಡಿ, "ಪರವಾಗಿಲ್ಲ, ಕೂತ್ಕೊ ಪರೀಕ್ಷೆಗೆ" ಎಂದ. ಅವನ ಬಾಯಲ್ಲಿ ಅದು ಸನ್ಮಾನ.

ಆ ಸಂಜೆ ಬಸ್ ನಿಲ್ದಾಣದಲ್ಲಿ ಡಂಕನ್ ಬಿಸಿ ಚಿಪ್ಸ್ ಪೊಟ್ಟಣ ಹಿಡಿದು ನಿಂತಿದ್ದ. ಚಿಪ್ಸಿಗೆ ಚಿಮುಕಿಸಿದ ವಿನೆಗರ್ ವಾಸನೆ ಅವನಿಗಿಂತ ಮುಂಚೆ ಬಂದು ಮಾತಾಡಿಸಿತು.

"ತಗೋ, ತಿನ್ನು."

"ಕ್ಲೈವ್ ಹ್ಞೂಂ ಅಂದ. ನೀನು ಯಾಕೆ ಅನ್ನಲಿಲ್ಲ?"

"ನಾನು ಹ್ಞೂಂ ಅಂದ್ರೆ ಅದಕ್ಕೆ ಬೆಲೆ ಇರಲ್ಲ. ನಾಳೆ ಯಾರಾದ್ರೂ ನಿನ್ನ ಪಾಸ್ ಬಗ್ಗೆ ಬೆರಳು ತೋರಿಸ್ಬಾರದು ನೋಡು. ಅದಕ್ಕೇ ಗ್ಲೆಂಡಾಗೆ ಹೇಳ್ಬಿಟ್ಟೆ."

ಗ್ಲೆಂಡಾ ಎಂದರೆ ನಿಯಮ ಕಾಯುವ ವಿಭಾಗ. ಗ್ರಾಹಕರು ಒಂದು ಡಬ್ಬ ಚಾಕೊಲೇಟ್ ಕಳಿಸಿದರೂ ತಿನ್ನುವ ಮುಂಚೆ ಅವರಿಗೆ ತಿಳಿಸಬೇಕು.

"ಏನಂತ ಹೇಳ್ದೆ?"

"ಹೆಸ್ಟರ್ ಅಂದ್ರೆ ನಂಗಿಷ್ಟ ಅಂತ."

ಹೆಸ್ಟರ್ ಒಂದು ಚಿಪ್ ತೆಗೆದು ನಿಧಾನವಾಗಿ ಅಗಿದಳು.

"ಗ್ಲೆಂಡಾಗೆ ಹೇಳ್ದೆ. ನಂಗೆ ಹೇಳಲಿಲ್ಲ."

"ಮೊದಲು ಅಲ್ಲಿ ಹೇಳ್ಬೇಕು. ನಿಯಮ ಹಾಗಿದೆ."

"ವಾರವೆಲ್ಲ ನಾನು ದಡ್ಡಿ ಅಂತ ಕೊರಗಿದೀನಿ ಕಣೋ, ಗೂಬೆ."

"ನೋಡ್ತಾನೇ ಇದ್ದೆ. ಕ್ಲೈವ್ ಹ್ಞೂಂ ಅನ್ನೋವರೆಗೂ ಬಾಯಿ ಬಿಡೋ ಹಾಗಿರಲಿಲ್ಲ." ಅವನ ಕಣ್ಣ ಕೆಳಗೂ ನಿದ್ದೆಗೆಟ್ಟ ಕಪ್ಪು ಕಾಣುತ್ತಿತ್ತು.

"ಅದಕ್ಕೆ ಗ್ಲೆಂಡಾ ಏನಂದ್ರು?"

"ಆ ಕಡೆಯಿಂದಲೂ ಇಷ್ಟ ಇದೆಯಾ ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ. ಗೊತ್ತಾದ ತಕ್ಷಣ ತಿಳಿಸ್ಬೇಕು ಅಂದ್ರು."

ಬಸ್ಸು ಬಂತು. ಅದು ಅವನ ಬಸ್ಸಲ್ಲ, ಆದರೂ ಹತ್ತಿದ. ಹೆಸ್ಟರ್ ಕಿಟಕಿಯ ಪಕ್ಕ ಕುಸಿದು ಕೂತು, ಕೇಳದೆ ಮಾಡದೆ ಅವನ ಭುಜಕ್ಕೆ ತಲೆಯಾನಿಸಿದಳು.

"ಸೋಮವಾರ ಹೋಗಿ ಗ್ಲೆಂಡಾಗೆ ತಿಳಿಸ್ಬಿಡು," ಎಂದಳು, ಕಣ್ಣು ಮುಚ್ಚಿಕೊಂಡೇ. "ಈಗ ಮಾತಾಡಿಸ್ಬೇಡ. ಹ್ಯಾಲಿಫ್ಯಾಕ್ಸ್ ಬಂದಾಗ ಎಬ್ಬಿಸು."