ಸೋರದ ಪೈಪು

ಹೊಂಡದ ಓಣಿಯ ತಿರುವಿನಲ್ಲಿ ನಿಂತ ಟ್ಯಾಂಕರಿನಿಂದ ಬೂದು ಬಣ್ಣದ ಗಂಜಿಯಂಥದೊಂದು ನೆಲದೊಳಗಿನ ಹಳೆಯ ನೀರಿನ ಪೈಪಿಗೆ ಇಳಿಯುತ್ತಿತ್ತು. ಅದರ ಹೆಸರು ಪೊರೆ. ಕಣ್ಣಿಗೆ ಕಾಣದ ಕೋಟ್ಯಂತರ ಜೀವಾಣುಗಳ ಮುದ್ದೆ. ಅದು ತುಕ್ಕು ತಿನ್ನುತ್ತ ಒಳಗೋಡೆಗೆಲ್ಲ ಹಬ್ಬಿ, ಕಲ್ಲಿನಂತೆ ಗಟ್ಟಿಯಾಗಿ, ಹಳೆಯ ಪೈಪಿನೊಳಗೇ ಹೊಸ ಪೈಪಾಗುತ್ತಿತ್ತು. ಮುಂದೆ ಎಲ್ಲಾದರೂ ಬಿರುಕು ಬಿಟ್ಟರೆ, ಗಾಯದ ಬಾಯಲ್ಲಿ ರಕ್ತ ಹೆಪ್ಪುಗಟ್ಟುವಂತೆ ಅಲ್ಲಿಗೇ ಬಂದು ಕೂಡಿ ಮುಚ್ಚಿಬಿಡುತ್ತಿತ್ತು. ಹಾರೆ ಇಲ್ಲ, ಗುದ್ದಲಿ ಇಲ್ಲ, ಒಂದು ಬುಟ್ಟಿ ಮಣ್ಣು ಮೇಲೆ ಬರಲಿಲ್ಲ.

ತುಳಜವ್ವನಿಗೆ ಅನುಮಾನ ಬಂದದ್ದೇ ಅಲ್ಲಿ. ಹುಟ್ಟಿದಾಗಿನಿಂದ ಧಾರವಾಡದಲ್ಲೇ ಬಾಳಿದ ಅವಳು ರಸ್ತೆ ಅಗೆಯದೆ ಆದ ನೀರಿನ ಕೆಲಸ ಒಂದನ್ನೂ ಕಂಡಿರಲಿಲ್ಲ.

"ಈ ಟ್ಯಾಂಕರಿನ ಮಂದಿ ಅಗಿಯೂದಿಲ್ಲ, ಒದರ್ಯಾಡೂದಿಲ್ಲ, ನಕ್ಕೋತ ಮಾತಾಡ್ತಾರ," ಎಂದಳು ಎದುರು ಮನೆಯ ಪ್ರವೀಣ ಬಡಿಗೇರನಿಗೆ. "ಇದರಾಗ ಏನೋ ಐತಿ."

"ನಿನ್ನ ಹಾಲಿನಾಗೂ ಏನೋ ಇರ್ತೈತಿ ಬಿಡಬೇ. ನಾವು ಕುಡಿಯೂದಿಲ್ಲೇನು?"

ಎಂಟು ಎಮ್ಮೆ ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುವ ತುಳಜವ್ವ ಇಂಥ ಮಾತಿಗೆ ಒಗ್ಗಿದವಳು. ಹಾಲು ಮಾರುವವಳನ್ನು ಯಾರು ನಂಬುತ್ತಾರೆ? ಅವಳೂ ಯಾರನ್ನೂ ನಂಬುತ್ತಿರಲಿಲ್ಲ. ಹಿಂಡಿಯ ಚೀಲವನ್ನು ತನ್ನ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿಸಿಯೇ ಒಳಗೆ ಬಿಟ್ಟುಕೊಳ್ಳುವಳು. ಅವಳು ನಂಬಿದ್ದು ಕೊಟ್ಟಿಗೆಯ ಪಕ್ಕದ ಬಾವಿಯನ್ನು ಮಾತ್ರ. ಸುತ್ತಲಿನ ಬಾವಿಗಳು ಬತ್ತಿಯೋ ಸವುಳಾಗಿಯೋ ಹಾಳುಬಿದ್ದಿದ್ದರೂ ಇದು ಕಡು ಬೇಸಿಗೆಯಲ್ಲೂ ಕೊಡ ಮುಳುಗುವಷ್ಟು ಸಿಹಿನೀರು ಕೊಡುತ್ತಿತ್ತು. ಅವಳತ್ತೆಯ ಪೂಜೆಗೆ ಒಲಿದ ಗಂಗೆ ಎಂದು ಓಣಿಯವರೂ ಬಾವಿಗೆ ಕೈಮುಗಿಯುತ್ತಿದ್ದರು.

ಆ ಬಾವಿ ಪೊರೆ ಹಬ್ಬಿದ ಮೇಲೆ ಇಳಿಯತೊಡಗಿತು. ಹಗ್ಗಕ್ಕೆ ಹಗ್ಗ ಕಟ್ಟಬೇಕಾಯಿತು. ಒಂದು ಬೆಳಿಗ್ಗೆ ಹಿರಿ ಎಮ್ಮೆ ಬಕೀಟಿನ ನೀರನ್ನು ಮೂಸಿ ಮುಖ ತಿರುಗಿಸಿತು. ಉಳಿದವೂ ಹಾಗೇ ಮಾಡಿದವು. ಹಾಲು ಅರ್ಧಕ್ಕೆ ಬಂತು.

ಪೈಪಿನ ಒತ್ತಡ ನೋಡಲು ಆಗಾಗ ಓಣಿಗೆ ಬರುತ್ತಿದ್ದವಳು ಪೊರೆಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ವಿಜ್ಞಾನಿ ಇಂಚರಾ ಹಿರೇಗೌಡರ. ತುಳಜವ್ವ ಅವಳ ಮುಂದೆ ಬಾವಿಯ ನೀರು ತುಂಬಿದ ಚೆಂಬು ಹಿಡಿದಳು.

"ಕುಡೀರಿ."

ಇಂಚರಾ ಒಂದು ಗುಟುಕು ಕುಡಿದು ಮುಖ ಹಿಂಡಿದಳು. "ಸವುಳು ಐತ್ರೀ."

"ನಿಮ್ಮ ಗಂಜಿ ಹಾಕೂಕಿಂತ ಮುಂಚೆ ಬೆಲ್ಲದಂಗಿತ್ತು. ನೆಲದಾಗ ಏನು ಬಿಟ್ಟೀರಿ? ನನ್ನ ಬಾವಿ ಎಳಕೊಂಡು ಪೈಪಿನಾಗ ತುಂಬಾಕತ್ತೀರೇನು?"

ಇಂಚರಾ ಸಿಟ್ಟಾಗಲಿಲ್ಲ. ನೀರನ್ನು ಒಯ್ದು ಪರೀಕ್ಷಿಸಿದಳು. ಅದರಲ್ಲಿ ಪೊರೆಯ ಒಂದು ಕಣವೂ ಇರಲಿಲ್ಲ. ಆಮೇಲೆ ಹಳೆಯ ಪೈಪು ಎಲ್ಲೆಲ್ಲಿ ಒಡೆದಿತ್ತೆಂಬ ನಕಾಶೆ ತೆಗೆದು ನೋಡಿದಳು. ಮರುದಿನ ಬಂದು ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ಆ ನಕಾಶೆಯನ್ನು ಬಿಚ್ಚಿ ಮತ್ತೆ ಮಡಚಿದಳು.

"ಬಾಯಾಗ ಏನೋ ಇಟ್ಕೊಂಡೀರಿ," ಎಂದಳು ತುಳಜವ್ವ. "ಉಗುಳ್ರಿ."

"ನಿಮ್ಮ ಗ್ವಾಡಿ ಹಿಂದ ಪೈಪು ಒಡದಿತ್ರೀ. ನಿಮ್ಮ ಅತ್ತಿಯವರ ಕಾಲದಿಂದ ಅಣೆಕಟ್ಟಿನ ನೀರು ಅಲ್ಲಿ ಸೋರಿ ಸೋರಿ ಬಾವಿಗೆ ಬರ್ತಿತ್ತು. ಪೊರೆ ಆ ಒಡಕು ಮುಚ್ಚೇತಿ. ಈಗ ತಳದಾಗ ಉಳದದ್ದು ನಿಮ್ಮ ಬಾವಿಯ ಸ್ವಂತ ನೀರು."

ತುಳಜವ್ವ ಬಾವಿಯ ಕಡೆ ನೋಡಿದಳು. ಕಟ್ಟೆಗೆ ಹಚ್ಚಿದ ಅರಿಸಿನ ಕುಂಕುಮ ಇನ್ನೂ ಹಸಿಯಾಗಿತ್ತು. ಮರುಗಳಿಗೆಯಲ್ಲೇ ಇನ್ನೊಂದು ಅನುಮಾನ ಅವಳನ್ನು ಹಿಡಿಯಿತು.

"ಅಂದ್ರ ಇಷ್ಟು ವರ್ಷ ನಾ ನೀರು ಕದ್ದಂಗಾತು. ನಾಳೆ ನೋಟೀಸು ತರ್ತೀರಿ, ಹೌದಿಲ್ಲೋ?"

"ಇಲ್ಲರೀ, ತಾಯಾಣೆ."

"ಊರೆಲ್ಲ ನಾ ಹಾಲಿಗೆ ನೀರು ಬೆರಸ್ತೀನಿ ಅಂತೈತಿ. ನೀವು ನೋಡಿದ್ರ ನನ್ನ ಬಾವಿಗೇ ನೀರು ಬೆರಸೀರಿ!"

ಇಂಚರಾಳಿಗೆ ನಗು ತಡೆಯಲಾಗಲಿಲ್ಲ. ತುಳಜವ್ವನೂ ನಕ್ಕಳು. ನಕ್ಕು ಮುಗಿದ ಮೇಲೆ ಎಮ್ಮೆಗಳು ಕಣ್ಣಿಗೆ ಬಿದ್ದವು.

"ನಳದ ನೀರು ಮನಿ ಮಂದಿಗಷ್ಟ ಸಾಲ್ತೈತಿ. ಇವಕ್ಕ ಏನು ಕುಡಿಸ್ಲಿ? ಒಂದು ಸಣ್ಣ ತೂತು ಬಿಡು ತಂಗಿ. ಮೊದಲಿನಂಗ ಸೋರಲಿ."

"ಬಿಟ್ರೂ ಪೊರೆ ಮುಚ್ಚತೈತ್ರೀ. ಸೋರೂದು ಅದಕ್ಕ ಗೊತ್ತಽ ಇಲ್ಲ. ನಾನಽ ಹಂಗ ಬೆಳಸೀನಿ." ಸಭೆಗಳಲ್ಲಿ ತಲೆಯೆತ್ತಿ ಹೇಳುತ್ತಿದ್ದ ಮಾತನ್ನು ಇಂಚರಾ ಈಗ ತಲೆ ತಗ್ಗಿಸಿ ಹೇಳಿದಳು.

"ಹಂಗಾರ ಮಳಿ ನೀರು ಎಲ್ಲಿ ಹೋಗ್ತೈತಿ? ನಮ್ಮೂರಾಗ ಮಳಿಗೇನು ಬರಾನ?"

ಇಂಚರಾ ಅಂಗಳ ನೋಡಿದಳು, ಬಾಗಿಲಾಚೆಯ ಓಣಿ ನೋಡಿದಳು. ಗೋಡೆಯಿಂದ ಗೋಡೆಗೆ ಕಾಂಕ್ರೀಟು. "ಇಳಿಯಾಕ ಜಾಗಾ ಎಲ್ಲೈತ್ರೀ?"

ಮೂವತ್ತು ವರ್ಷದ ಹಿಂದೆ ಓಣಿಗೆ ಆ ಕಾಂಕ್ರೀಟು ಬಂದಾಗ ಇನ್ನು ಕೆಸರಿನ ಕಾಟವಿಲ್ಲವೆಂದು ಪೇಢೆ ಹಂಚಿದವರಲ್ಲಿ ತುಳಜವ್ವನೂ ಒಬ್ಬಳು. ಉಳಿದ ಸಿಮೆಂಟಿನಲ್ಲಿ ತನ್ನ ಅಂಗಳವನ್ನೂ ಬಾವಿಯ ಕಟ್ಟೆಯವರೆಗೆ ಮುಚ್ಚಿಸಿಕೊಂಡಿದ್ದಳು. ಅಂದಿನಿಂದ ಮಳೆಯೆಲ್ಲ ಗಟಾರಕ್ಕೆ. ಈ ಓಣಿಯ ಮಣ್ಣಿಗೆ ಮುಟ್ಟುತ್ತಿದ್ದ ನೀರು ಒಡೆದ ಪೈಪಿನದೊಂದೇ. ಈಗ ಅದೂ ನಿಂತಿತ್ತು.

"ಒಡದು ಇಂಗುಗುಂಡಿ ಮಾಡಿದ್ರ ಬಾವಿ ತುಂಬತೈತೇನು?"

"ನಿಮ್ಮೊಬ್ಬರ ಅಂಗಳದಿಂದ ಸ್ವಲ್ಪ. ಓಣಿ ಮಂದಿಯೆಲ್ಲ ಒಡದ್ರ, ನಾಕೈದು ಮಳಿಗಾಲಕ್ಕ."

ಅಲ್ಲಿಯವರೆಗೆ ಎಂಟಕ್ಕೂ ನೀರು ಹೊಂದಿಸಲಾಗದೆಂದು ತುಳಜವ್ವ ಮೂರು ಎಮ್ಮೆ ಮಾರಿದಳು. ಹಿರಿ ಎಮ್ಮೆಯನ್ನು ಮಾತ್ರ ಯಾರು ಎಷ್ಟು ಕೇಳಿದರೂ ಕೊಡಲಿಲ್ಲ. ಆಮೇಲೆ ಹಾರೆ ಹಿಡಿದು ಅಂಗಳಕ್ಕಿಳಿದಳು.

ಸದ್ದು ಕೇಳಿ ಪ್ರವೀಣ ಓಣಿ ದಾಟಿ ಬಂದು ಗೋಡೆಯ ಮೇಲಿಂದ ಇಣುಕಿದ. "ಏನಬೇ, ಅತ್ತಿ ಬಂಗಾರ ಹುಡುಕಾಕತ್ತೀಯೇನು?"

"ಇಲ್ಲಪಾ, ಮಳಿ ಹುಗಿಯಾಕತ್ತೀನಿ. ನೀನೂ ಹುಗಿ. ಎಲ್ಲಾರ ಬಾವಿಗೂ ನೀರು ಬರ್ತೈತಿ."

"ಹೂಂ, ಹೂಂ," ಎಂದ ಪ್ರವೀಣ. ಒಂದು ಮಾತನ್ನೂ ನಂಬಲಿಲ್ಲ.

ಅಂದು ಸಂಜೆಯೇ ಅವನ ಹಿತ್ತಿಲಿನಿಂದ ಹಾರೆಯ ಸದ್ದು ಬಂತು. ಬಡಿಗೇರ ಯಾಕೆ ಅಗೆಯುತ್ತಾನೆ ಎಂದು ಅವನ ಪಕ್ಕದವರಿಗೆ ಅನುಮಾನ. ಅವರ ಮೇಲೆ ಅವರಾಚೆಯವರಿಗೆ. ಮೃಗಶಿರಾ ಮಳೆ ಬರುವಷ್ಟರಲ್ಲಿ ಹೊಂಡದ ಓಣಿಯಲ್ಲಿ ಅಂಗಳ ಒಡೆಯದ ಮನೆ ಅಪರೂಪವಾಗಿತ್ತು. ಬಂಗಾರ ಯಾರಿಗೂ ಸಿಗಲಿಲ್ಲ. ಸಿಕ್ಕವರು ಬಾಯಿ ಬಿಡುತ್ತಿಲ್ಲ ಎಂದು ಎಲ್ಲರೂ ಎಲ್ಲರನ್ನೂ ಓರೆಗಣ್ಣಿಂದ ನೋಡಿದರು.

ಮೊದಲ ಮಳೆಗೆ ಗುಂಡಿಗಳೆಲ್ಲ ತುಂಬಿದವು. ತುಳಜವ್ವ ಗೋಣಿಚೀಲ ಹೊದ್ದು ತನ್ನ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ನೀರು ಎಲ್ಲಿಗೆ ಹೋಗುತ್ತದೆಂದು ಕಾವಲು ಕಾದಳು. ಅದು ಗುಳುಗುಳು ಎನ್ನುತ್ತ ಕೆಳಗಿಳಿಯಿತು.

ಅವರೆಲ್ಲ ಒಡೆದು ರಾಶಿ ಹಾಕಿದ ಆ ಕಾಂಕ್ರೀಟು ಅವರಿಗಿಂತ ಮೂವತ್ತು ವರ್ಷ ಹಿಂದಿನ ನಮ್ಮ ಕಾಲದ್ದು, ನಾವು ಈಗ ಹಾಕುತ್ತಿರುವುದು. ಕೆಲವು ಓಣಿಗಳಲ್ಲಿ ಅದಿನ್ನೂ ಹಸಿಯಾಗಿಯೇ ಇದೆ.