ಹಸುರಯ್ಯನ ಪಾಲಕ್ ಮಡಿ

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಯೂ ಹುಟ್ಟುವ ಮೊದಲು, ಕೆಂಪುಗೋಡು ಅಂತ ಒಂದು ರಾಜ್ಯವಿತ್ತು. ಅಲ್ಲಿ ಚಿನ್ನದ ಗಣಿ ಇರಲಿಲ್ಲ, ಮುತ್ತಿನ ಕಡಲೂ ಇರಲಿಲ್ಲ. ಹೊಳೆದಂಡೆಯ ಕೆಮ್ಮಣ್ಣಿನಲ್ಲಿ ಪಾಲಕ್ ಸೊಪ್ಪು ಮಾತ್ರ ಸೊಗಸಾಗಿ ಬರುತ್ತಿತ್ತು. ಇಡೀ ರಾಜ್ಯವೇ ಅದನ್ನು ಬೆಳೆದು, ಸಿವುಡು ಕಟ್ಟಿ, ಸುತ್ತಲ ರಾಜ್ಯಗಳ ಸಂತೆಗೆ ಕಳಿಸಿ ಬದುಕುತ್ತಿತ್ತು. ಅರಮನೆಯ ಬಾವುಟದ ಮೇಲೂ ಕುಡುಗೋಲಿನದೇ ಚಿತ್ರ. ಸೊಪ್ಪು ಎಳೆಯದಿದ್ದಾಗಲೇ ಕೊಯ್ಯಬೇಕು, ಬುಡದಲ್ಲಿ ಎರಡು ಬೆರಳು ಬಿಟ್ಟು ಕೊಯ್ಯಬೇಕು, ಕೊಯ್ದರೆ ಮತ್ತೆ ಚಿಗುರುತ್ತದೆ ಅನ್ನುವುದು ಅಲ್ಲಿನ ಸಣ್ಣ ಮಕ್ಕಳಿಗೂ ಗೊತ್ತಿತ್ತು.

ಹೊಳೆಯ ಆಚೆ ದಡದಲ್ಲಿ ಹಸುರಯ್ಯ ಎಂಬ ಮಾಂತ್ರಿಕನಿದ್ದ. ಅವನೂ ಪಾಲಕ್ ಬೆಳೆಯುತ್ತಿದ್ದ, ಆದರೆ ಬೀಜ ಬಿತ್ತುತ್ತಿರಲಿಲ್ಲ. ಅವನು ಮುಟ್ಟಿದ ಮನುಷ್ಯರು ಅವನ ಮಡಿಯಲ್ಲಿ ಪಾಲಕ್ ಗಿಡವಾಗಿ ನಿಲ್ಲುತ್ತಿದ್ದರು. ಮೊದಲ ಕೊಯ್ಲಿಗೆ ಆ ಗಿಡ ತನ್ನವರನ್ನು ಮರೆಯುತ್ತಿತ್ತು. ಎರಡನೆಯ ಕೊಯ್ಲಿಗೆ ತನ್ನನ್ನೇ ಮರೆಯುತ್ತಿತ್ತು. ಆಮೇಲೆ ಬೇರುಸಹಿತ ಕಿತ್ತು ರಕ್ಕಸರ ಸಂತೆಗೆ ಒಯ್ದು ಮಾರುತ್ತಿದ್ದ. ಅಲ್ಲಿಂದ ಯಾರೂ ತಿರುಗಿ ಬಂದದ್ದಿಲ್ಲ.

ರಾಜ ಕೈಕಟ್ಟಿ ಕೂತಿರಲಿಲ್ಲ ಅನ್ನಿ. ಒಬ್ಬರ ಹಿಂದೆ ಒಬ್ಬರಂತೆ ಸೇನಾಪತಿಗಳನ್ನು ಕಳಿಸಿದ. ಅವರು ಹಸುರಯ್ಯನ ಕತ್ತು ಕತ್ತರಿಸಿದರು. ತಲೆ ನೆಲಕ್ಕೆ ಬೀಳುವಷ್ಟರಲ್ಲಿ ಹೊಸ ತಲೆ ಚಿಗುರಿತು, ಮೊದಲಿಗಿಂತ ಎಳೆಯದು, ಮೊದಲಿಗಿಂತ ಹಸಿದದ್ದು. ಕತ್ತರಿಸಿದವರೆಲ್ಲ ಅವನ ಮಡಿ ಸೇರಿದರು. ಕಡೆಗೆ ರಾಜ ಕೋಟೆಯ ಬಾಗಿಲು ಹಾಕಿಸಿ ಒಳಗೆ ಕೂತುಬಿಟ್ಟ.

ಬೊಮ್ಮಿ ಎಂಬುವಳ ಗಂಡ ಜವರ ಒಂದು ಬೆಳಿಗ್ಗೆ ಸೊಪ್ಪು ತೊಳೆಯಲು ಹೊಳೆಗೆ ಹೋದವನು ಮನೆಗೆ ಬರಲಿಲ್ಲ. ಬೊಮ್ಮಿ ಹೋಗಿ ನೋಡಿದಳು. ಕುಕ್ಕೆ ದಡದಲ್ಲಿತ್ತು, ಸಿವುಡುಗಳು ನೀರಲ್ಲಿ ತೇಲುತ್ತಿದ್ದವು, ಕಲ್ಲಿನ ಮೇಲೆ ಹಸಿರು ಬೆರಳುಗಳ ಗುರುತಿತ್ತು. ಒಬ್ಬ ಹೋದದ್ದು ಸಾಲದೇ, ನೀನೂ ಯಾಕೆ ಅಂತ ಊರವರು ತಡೆದರು. ತಿಳಿದವರ ಮಾತೇ ಅದು. ಅವಳು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಳೆ ದಾಟಿದಳು.

ಆಚೆ ದಡದಲ್ಲಿ ಹಕ್ಕಿಯ ದನಿಯಿರಲಿಲ್ಲ. ಸುಡುಬಿಸಿಲಿನಲ್ಲಿ ಮಡಿಗಳು ಸಾಲುಸಾಲಾಗಿ, ಒಂದು ಕಳೆಯೂ ಇಲ್ಲದೆ, ಇನ್ನೂ ಒಂದು ಕೊಯ್ಲೂ ಕಾಣದೆ ಚೊಕ್ಕವಾಗಿದ್ದವು. ಗಾಳಿಯಿಲ್ಲದಿದ್ದರೂ ಎಲೆಗಳು ನಡುಗುತ್ತಿದ್ದವು. ಕೊನೆಯ ಸಾಲಿನ ಒಂದು ಗಿಡ ಮೆಲ್ಲಗೆ ಅವಳತ್ತ ತಿರುಗಿತು. ಅದರ ಬುಡದಲ್ಲಿ ಜವರನ ಬೆಳ್ಳಿ ಉಡಿದಾರ ಸುತ್ತಿಕೊಂಡಿತ್ತು.

ಅವಳು ಅತ್ತ ಓಡುವಷ್ಟರಲ್ಲಿ ಹಸುರಯ್ಯ ಎದುರಿಗೆ ನಿಂತಿದ್ದ. ಕತ್ತು ದಂಟಿನಂತೆ ಉದ್ದಕ್ಕೆ ಬೆಳೆದಿತ್ತು. ಕಿವಿಯ ಹಿಂದೆ ಹಳದಿ ಹೂವಿನ ಸಣ್ಣ ತೆನೆ ಮೂಡಿತ್ತು. ಅವನು ಅವಳನ್ನು ಮುಟ್ಟಲಿಲ್ಲ. ಅವಳ ಕುಡುಗೋಲನ್ನೇ ನೋಡುತ್ತಿದ್ದ.

"ಬಾ ತಾಯಿ, ಎಷ್ಟು ದಿನ ಆಯ್ತು ಯಾರಾದ್ರೂ ಬಂದು. ಕುಯ್ಯಿ," ಅಂತ ಕತ್ತು ಚಾಚಿದ.

ಕೆಂಪುಗೋಡಿನವರ ಕೈ ಅಲ್ಲವೇ, ತಾನಾಗಿಯೇ ಮೇಲೆದ್ದಿತು. ಅಷ್ಟರಲ್ಲಿ ಬೊಮ್ಮಿಯ ಕಣ್ಣು ಆ ತೆನೆಯ ಮೇಲೆ ಬಿತ್ತು. ಕೊಯ್ಯದೆ ಬಿಟ್ಟ ಪಾಲಕ್ ತೆನೆಗೆ ಬರುತ್ತದೆ, ಕಹಿಯಾಗುತ್ತದೆ, ನಿಂತಲ್ಲೇ ಒಣಗುತ್ತದೆ. ಇದೂ ಎಲ್ಲರಿಗೂ ಗೊತ್ತಿದ್ದದ್ದೇ, ಭಯದಲ್ಲಿ ಯಾರಿಗೂ ಹೊಳೆದಿರಲಿಲ್ಲ ಅಷ್ಟೆ. ಕತ್ತರಿಸಿ ಕತ್ತರಿಸಿ ಇವನನ್ನು ಎಳೆಯದಾಗಿ ಉಳಿಸಿಕೊಂಡು ಬಂದವರು ನಾವೇ ಅಂತ ಅವಳಿಗೆ ತಿಳಿಯಿತು. ತಾನು ಕೈ ತಡೆದುಕೊಂಡರೆ ಇವನು ಒಣಗಿಯಾನು, ಜವರ ಸಿಕ್ಕಾನು.

"ಕುಯ್ಯಾಕಿಲ್ಲ ಕಣಯ್ಯ," ಅಂದಳು. ಹಲ್ಲು ಕಟಕಟ ಅನ್ನುತ್ತಿತ್ತು.

ಹಸುರಯ್ಯ ಮಂತ್ರ ಹಾಕಿದ. ಹೊಳೆಯ ಜೊಂಡೆಲ್ಲ ಎದ್ದು ಹುಲಿಯಾಯಿತು. ನನ್ನ ಕತ್ತು ಕುಯ್ದರೆ ಇದು ಸಾಯುತ್ತದೆ, ಇಲ್ಲದಿದ್ದರೆ ನಿನ್ನನ್ನು ತಿನ್ನುತ್ತದೆ ಅಂದ. ಹುಲಿಯ ಉಸಿರು ಬೊಮ್ಮಿಯ ಕುತ್ತಿಗೆಗೆ ತಾಗಿತು. ನಿಂತಲ್ಲೇ ಅವಳ ಸೀರೆ ಒದ್ದೆಯಾಯಿತು. ಆದರೂ ಕೈ ಎತ್ತಲಿಲ್ಲ. ಇವಳನ್ನು ತಿಂದರೆ ಅವನನ್ನು ಕೊಯ್ಯುವವರು ಯಾರು? ಹುಲಿ ಸುತ್ತಿ ಸುತ್ತಿ ಮತ್ತೆ ಜೊಂಡಾಗಿ ಬಿದ್ದುಹೋಯಿತು.

ಹಸುರಯ್ಯನ ಹೂವು ಉದುರಿ ಕಾಯಿ ಕಚ್ಚಿತು. ಅವನು ಬಾಯಿ ತೆರೆದರೆ ಬಂದದ್ದು ಜವರನ ದನಿ. "ಬೊಮ್ಮಿ, ಕುಯ್ಯೆ. ಮೈಯೆಲ್ಲ ಉರೀತಾ ಅದೆ ಕಣೆ." ಅದು ಗಂಡನ ದನಿಯೇ, ಎಳ್ಳಷ್ಟೂ ವ್ಯತ್ಯಾಸವಿಲ್ಲ. ಬೊಮ್ಮಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಳು. ಆ ದನಿ ಬೇಡುತ್ತಲೇ ಇತ್ತು, ಬೈಯುತ್ತಲೂ ಇತ್ತು. ಕಡೆಗೆ ಒಣಗಿ ನಿಂತಿತು.

ಈಗ ಹಸುರಯ್ಯ ಹಳದಿಯಾಗಿದ್ದ, ಅವನಿಗೂ ಭಯ ಹಿಡಿದಿತ್ತು. ಜವರನ ಗಿಡದ ಮುಂದೆ ಕುಕ್ಕರಿಸಿ, ಉಗುರು ಹೊರಗೆ ಚಾಚಿ, "ನನ್ನ ಕುಯ್ತೀಯೋ, ಇವನನ್ನ ಕುಯ್ಯಲೋ?" ಅಂದ.

ಬೊಮ್ಮಿಗೆ ತನ್ನ ಕೈಯ ಮೇಲೇ ನಂಬಿಕೆ ಹೋಯಿತು. ಕುಡುಗೋಲನ್ನು ಹೊಳೆಗೆ ಎಸೆದುಬಿಟ್ಟಳು.

ಹಸುರಯ್ಯ ಉಗುರಿನಿಂದ ಎಲೆಗಳನ್ನೆಲ್ಲ ಒಂದೇ ಹಿಡಿಗೆ ಕೊಯ್ದ. ಗಿಡ ಜವರನ ದನಿಯಲ್ಲಿ ಚೀರಿತು, ಆಮೇಲೆ ಸುಮ್ಮನಾಯಿತು. ಬೊಮ್ಮಿ ಮಣ್ಣಿಗೆ ಕುಸಿದಳು. ಅಷ್ಟಕ್ಕೆ ಬಿಡದೆ ಅವನು ಬುಡಕ್ಕೇ ಕೈಹಾಕಿ ಕೀಳಲು ಜಗ್ಗಿದ. ಬೇರು ಸಡಿಲಿತು. ಅವನು ಇನ್ನೊಮ್ಮೆ ಜಗ್ಗಿದ. ಆಗ ಕೇಳಿಸಿತು ಚಟಚಟ ಸದ್ದು. ಮುರಿದದ್ದು ಅವನ ಬೆರಳು. ಹಿಂದೆಯೇ ಮೊಣಕೈ, ಭುಜ, ಉದ್ದನೆಯ ಕತ್ತು ಎಲ್ಲ ಒಣದಂಟಾಗಿ ಮುರಿದುಬಿದ್ದವು. ಬೊಮ್ಮಿ ತೆವಳಿಕೊಂಡು ಹೋಗಿ ಅವನ ತೆನೆಯ ಬೀಜಗಳನ್ನು ಅಂಗೈಯಲ್ಲಿ ಉಜ್ಜಿ ನೋಡಿದಳು. ಎಲ್ಲವೂ ಜೊಳ್ಳು.

ಮಡಿಯ ಗಿಡಗಳೆಲ್ಲ ಮನುಷ್ಯರಾಗಿ ಎದ್ದವು. ಸೇನಾಪತಿಗಳು ಕತ್ತಿ ಹುಡುಕತೊಡಗಿದರು. ಜವರ ಎದ್ದು ಉಡಿದಾರ ಸರಿಮಾಡಿಕೊಂಡು ಬೊಮ್ಮಿಯನ್ನು ನೋಡಿದ.

"ಯಾರವ್ವ ನೀನು?" ಅಂದ.

ರಾಜ ಕೋಟೆಯ ಬಾಗಿಲು ತೆಗೆಸಿದ. ಊರೂರಿಗೆ ಊಟ ಹಾಕಿಸಿದ. ಸಂತೆಗೆ ಮತ್ತೆ ಸೊಪ್ಪು ಹೋಯಿತು, ಎಲ್ಲರೂ ಸುಖವಾಗಿದ್ದರು, ಬೊಮ್ಮಿ ಒಬ್ಬಳ ಹೊರತು. ಜವರ ಅವಳ ಮನೆಯ ಜಗುಲಿಯಲ್ಲಿ ನೆಂಟನಂತೆ ಮಲಗುತ್ತಿದ್ದ, ಅವಳನ್ನು ತಾಯಿ ಅನ್ನುತ್ತಿದ್ದ. ಬೇರು ಉಳಿದಿದೆ, ಚಿಗುರಲೇಬೇಕು ಅಂತ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಚಿಗುರದಿದ್ದರೆ ಎಂಬ ಭಯವನ್ನು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಇಬ್ಬರೂ ಸೊಪ್ಪು ಕೊಯ್ಯುತ್ತಿದ್ದರು. ಜವರ ಬಗ್ಗಿದ ತಲೆ ಎತ್ತದೆ, "ಬೊಮ್ಮಿ, ಒಂದಿಷ್ಟು ನೀರು ಕೊಡೆ," ಅಂದ.

ಅವಳು ಚೊಂಬು ತಂದುಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ನೋಡುತ್ತ ನಿಂತಳು. ಆಮೇಲೆ ಮಡಿಯ ನಡುವೆ ಕೂತು ಗಟ್ಟಿಯಾಗಿ ಅತ್ತಳು. ಅವತ್ತಿಗೆ ಕೆಂಪುಗೋಡಿನಲ್ಲಿ ಎಲ್ಲರೂ ಸುಖವಾಗಿದ್ದರು.