ನಮಗಿನ್ನು ಪಡಿತರ ಬೇಡ

"ನಿಮ್ಮ ಕಾರ್ಡು ರದ್ದಾಗಿದೆಯಮ್ಮ."

ಪಡಿತರ ಕಚೇರಿಯ ಎರಡನೇ ಕೌಂಟರಿನ ಗುಮಾಸ್ತ ಈ ಮಾತನ್ನು ತಿಂಗಳಿಗೆ ಹತ್ತಾರು ಸಲ ಹೇಳುತ್ತಿದ್ದ. ಕೇಳಿಸಿಕೊಂಡವರು ಅಳುತ್ತಿದ್ದರು, ಇಲ್ಲವೇ ಕಿಟಕಿಯ ಸರಳು ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದರು. ಈ ಹೆಂಗಸು ಎರಡನ್ನೂ ಮಾಡಲಿಲ್ಲ. ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಕೇಳಿದಳು:

"ಯಾರು ರದ್ದು ಮಾಡಿದ್ದು?"

"ನೀವೇ."

"ನಾವಾ?"

ಗುಮಾಸ್ತ ಕಡತ ತೆಗೆದು ಒಂದು ಹಾಳೆಯನ್ನು ಕಿಟಕಿಯತ್ತ ತಿರುಗಿಸಿದ. ಟೈಪ್ ಮಾಡಿದ ಮೂರೇ ಸಾಲು. 'ನಾವು ನಾಲ್ವರೂ ಈಗ ದುಡಿದು ತಿನ್ನುವಷ್ಟು ಅನುಕೂಲವಾಗಿದ್ದೇವೆ. ನಮಗಿನ್ನು ಪಡಿತರ ಬೇಡ. ದಯವಿಟ್ಟು ನಮ್ಮ ಕಾರ್ಡನ್ನು ರದ್ದುಪಡಿಸಬೇಕು.' ಕೆಳಗೆ ಕುಟುಂಬದ ಯಜಮಾನನ ಸಹಿ. ಚೆಂದದ ಸಹಿ, ಕೊನೆಯ ಅಕ್ಷರದ ಬಾಲ ಗಾಳಿಪಟದ ಬಾಲದಂತೆ ಹಾರಿ ಹೋಗಿತ್ತು.

"ಕಚೇರಿ ಪೆಟ್ಟಿಗೆಯಲ್ಲಿ ಬಿದ್ದಿತ್ತು. ನಿಮ್ಮ ಯಜಮಾನರ ಸಹಿ ತಾಳೆ ನೋಡಿದೀನಿ. ಅಚ್ಚೊತ್ತಿದ ಹಾಗಿದೆ," ಎಂದ ಗುಮಾಸ್ತ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಸಹಿ ತಾಳೆ ನೋಡುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ಇತ್ತು.

ಆಕೆ ಸಹಿಯನ್ನು ನೋಡಿದಳು. ಮತ್ತೆ ನೋಡಿದಳು. ಬೆರಳ ತುದಿಯಿಂದ ಆ ಬಾಲವನ್ನು ಮೆಲ್ಲಗೆ ಸವರಿದಳು.

"ಸರಿ ಬಿಡಿ. ಹೊಸ ಅರ್ಜಿ ಕೊಡಿ, ತುಂಬ್ತೀನಿ."

"ಯಾಕೆ?"

ಪ್ರಶ್ನೆ ಬಂದದ್ದು ಗುಮಾಸ್ತನ ಹಿಂದಿನ ಮೇಜಿನಿಂದ. ಅಲ್ಲಿ ಕೂತಿದ್ದವರು ಕಚೇರಿಯ ತನಿಖಾಧಿಕಾರಿ. ನಿವೃತ್ತಿಗೆ ಎರಡು ವರ್ಷ, ಎರಡೂ ಮಂಡಿಗಳಲ್ಲಿ ನೋವು, ಬಾಯಲ್ಲಿ ಸದಾ ಆ ಒಂದೇ ಪದ. ಬೆನ್ನ ಹಿಂದೆ ಕಚೇರಿಯವರೆಲ್ಲ ಅವರನ್ನು 'ಯಾಕಮ್ಮ' ಎನ್ನುತ್ತಿದ್ದರು.

"ಹೊಸ ಅರ್ಜಿ ಪಾಸಾಗೋಕೆ ಮೂರು ತಿಂಗಳು ಬೇಕು. ಅಲ್ಲಿವರೆಗೆ ಏನು ತಿಂತೀರಿ?"

"ಇನ್ನೊಂದಿಷ್ಟು ಹೊಲೀತೀನಿ."

"ಈ ಪತ್ರ ನೀವು ಕೊಟ್ಟಿದ್ದಾ?"

"ಅಲ್ಲ."

"ಯಾರು ಕೊಟ್ಟಿರಬಹುದು?"

"ಗೊತ್ತಿಲ್ಲ ಮೇಡಂ. ಯಾರೋ ಆಗದವರು. ಹೋಗ್ಲಿ ಬಿಡಿ."

ಯಾಕಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರ್ತೀವಿ," ಎಂದರು. ಹೆಂಗಸಿನ ಮುಖ ಬಿಳಿಚಿಕೊಂಡಿತು.

*

ಆಕೆಯದು ಆಸ್ಪತ್ರೆಯ ಹೊದಿಕೆಗಳಿಗೆ ಅಂಚು ಹೊಲಿದುಕೊಡುವ ಕೆಲಸ. ಎರಡು ಕೋಣೆಯ ಬಾಡಿಗೆ ಮನೆ. ಒಂದರಲ್ಲಿ ಅಡುಗೆ, ಅತ್ತೆ ಮತ್ತು ಕಾಲೇಜಿಗೆ ಹೋಗುವ ಮಗಳು. ಇನ್ನೊಂದರಲ್ಲಿ ಹೊಲಿಗೆ ಯಂತ್ರ, ಗಂಡನ ಮಂಚ, ಗೋಡೆ ಪಕ್ಕ ಇನ್ನೊಂದು ಕಿರಿದಾದ ಮಂಚ. ಆ ಮಂಚದ ಮೇಲೆ ಬಿಳಿ ಬಟ್ಟೆಯ ಗಂಟುಗಳು ಎದೆಮಟ್ಟ ಪೇರಿಸಿದ್ದವು.

ಗಂಡ ದಿಂಬಿಗೆ ಒರಗಿ ಕೂತಿದ್ದ. ಒಂದು ಕಾಲಕ್ಕೆ ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವನು. ಈಗ ಬಲಗೈ ಮಡಿಲಲ್ಲಿ ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. ಮಾತೂ ತೊದಲು.

"ಲಕ್ವ ಹೊಡೆದು ಹತ್ತು ತಿಂಗಳಾಯ್ತು," ಎಂದಳು ಆಕೆ.

ಗುಮಾಸ್ತ ಕಡತ ಬಿಚ್ಚಿದ. ಅವನು ತಾಳೆ ನೋಡಿದ್ದು ಆರು ವರ್ಷದ ಹಿಂದಿನ ಮೊದಲ ಅರ್ಜಿಯ ಸಹಿಯೊಂದಿಗೆ. ಪುಟ ಮಗುಚಿದರೆ ಕಳೆದ ವರ್ಷದ ಪರಿಶೀಲನಾ ಫಾರಂ ಇತ್ತು. ಅಲ್ಲಿ ಸಹಿಯ ಜಾಗದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು. ಆ ಪುಟವನ್ನು ಅವನು ಮಗುಚಿಯೇ ಇರಲಿಲ್ಲ.

"ಅಂದ್ರೆ ಇದು ಖೋಟಾ ಸಹಿ, ಮೇಡಂ!"

"ಅದು ತಾಳೆ ನೋಡಿದ ದಿನವೇ ಗೊತ್ತಾಗಬೇಕಿತ್ತು," ಎಂದರು ಯಾಕಮ್ಮ, ಬೈಗುಳವೂ ಅಲ್ಲದ ಸಮಾಧಾನವೂ ಅಲ್ಲದ ದನಿಯಲ್ಲಿ. ಆಮೇಲೆ ಹೆಂಗಸಿನ ಕಡೆ ತಿರುಗಿದರು. "ಮನೇಲಿ ಎಷ್ಟು ಜನ?"

"ಐದು. ನಾವಿಬ್ರು, ಅತ್ತೆ, ಮಗಳು, ಮಗ."

"ಮಗ ಎಲ್ಲಿ?"

"ರಾತ್ರಿ ಪಾಳಿ ಕೆಲಸ. ಈಗ ತಾನೆ ಹೊರಗೆ ಹೋದ."

"ಸಂಬಳ ಬರುತ್ತಾ?"

"ದಿನಗೂಲಿ ಮೇಡಂ. ಸಿಕ್ಕಿದ ದಿನ ಉಂಟು, ಇಲ್ಲದ ದಿನ ಇಲ್ಲ. ಆದಾಯದ ಮಿತಿ ದಾಟಲ್ಲ."

"ಈ ಮಂಚ ಯಾರದು?"

"ಅವನದೇ."

ಯಾಕಮ್ಮ ಎದುರಿಗೆ ಬಂದ ಚಹಾ ಕುಡಿದು ಎದ್ದರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೊಸೆಯನ್ನೇ ನೋಡುತ್ತಿದ್ದಳು. ಸೊಸೆ ನೆಲ ನೋಡುತ್ತಿದ್ದಳು.

*

"ನನಗೆ ಮಾಲೀಕನ ಮೇಲೇ ಅನುಮಾನ," ಎಂದ ಗುಮಾಸ್ತ ಮೆಟ್ಟಿಲಿಳಿಯುತ್ತ. "ಅವರನ್ನ ಬಿಡಿಸಿ ಬೇರೆಯವರಿಗೆ ಜಾಸ್ತಿ ಬಾಡಿಗೆಗೆ ಕೊಡಬೇಕು ಅಂತ ಕಾಯ್ತಿದಾನಂತೆ."

ಕೆಳಗಿನ ಮನೆಯ ಮಾಲೀಕ ಲುಂಗಿ ಎತ್ತಿ ಕಟ್ಟಿಕೊಂಡು ನೀರಿನ ಮೋಟಾರು ಬಿಚ್ಚಿ ಕೂತಿದ್ದ.

"ಬಿಡಿಸಬೇಕು ಅಂತಿರೋದು ನಿಜ. ಮುಚ್ಚುಮರೆ ಯಾಕೆ? ಆದ್ರೆ ನಾನು ಎದುರಿಗೇ ಹೇಳೋನು. ಹೋದ ತಿಂಗಳು ಕರಾರುಪತ್ರ ಹೊಸದು ಮಾಡಿಸ್ದೆ — ಆಯಪ್ಪನ ಎಡಗೈ ಹಿಡಿದು ಹೆಬ್ಬೆಟ್ಟು ಒತ್ತಿಸಿದ್ದು ನಾನೇ. ಪಾಪ, ಎಂಥಾ ಕೈ ಅದು."

"ಮನೇಲಿ ಎಷ್ಟು ಜನ ಇದಾರೆ?"

"ಐದು. ನೀರಿಗೆ ಐದು ಜನದ್ದೇ ತಗೊಳ್ತೀನಿ."

"ಮಗನನ್ನ ನೋಡಿದೀರಾ?"

"ಅವನು ರಾತ್ರಿ ಹೋಗಿ ಬೆಳಗಿನ ಜಾವ ಬರ್ತಾನಂತೆ. ನಾನು ಆಗ ಗೊರಕೆ ಹೊಡೀತಿರ್ತೀನಿ."

"ಅಂತೆ?"

"ಆಯಮ್ಮ ಹೇಳೋದು."

ಪಡಿತರ ಅಂಗಡಿ ರಸ್ತೆಯ ತುದಿಯಲ್ಲಿತ್ತು. ಹೊಲಿಗೆಯಾಕೆ ತೂಕದಲ್ಲಿ ಮೋಸ ಎಂದು ಆರು ತಿಂಗಳ ಹಿಂದೆ ದೂರು ಕೊಟ್ಟಿದ್ದಳು. ಅಂಗಡಿಯವನಿಗೆ ದಂಡ ಬಿದ್ದಿತ್ತು. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಬೇರೆ ಕಾರಣ ಬೇಕೆ?

"ಸೇಡಾ?" ಅಂಗಡಿಯವನು ತಕ್ಕಡಿಯ ಮೇಲೆ ಕೈಯೂರಿದ. "ಸಿಟ್ಟಿದೆ ಸ್ವಾಮಿ, ಸುಳ್ಳು ಹೇಳಲ್ಲ. ಆದ್ರೆ ಒಂದು ಕಾರ್ಡು ಹೋದ್ರೆ ಐದು ಜನರ ಕಮಿಷನ್ ನನಗೇ ಖೋತಾ. ನನ್ನ ಕಾಲಿಗೆ ನಾನೇ ಕೊಡಲಿ ಹಾಕ್ಕೊಳ್ಲಾ? ಮತ್ತೆ ನೋಡಿ ಆ ಬೋರ್ಡು, ಬರೆದಿದ್ದು ಅವರೇ. ಅಂಗಡಿ ನಂಬರು ಅಳಿಸಿ ಹೋಗಿದೆ. ತಿದ್ದಿಸೋಣ ಅಂದ್ರೆ ಅವರಿಗೆ ಕೈಯೇ ಇಲ್ಲ."

ಹೊರಗೆ ಬಂದ ಮೇಲೆ ಗುಮಾಸ್ತ ತಲೆ ಕೆರೆದುಕೊಂಡ. "ಇಬ್ಬರೂ ಸತ್ಯ ಹೇಳೋ ಹಾಗೇ ಕಾಣ್ತಾರೆ."

"ಹೇಳ್ತಿದಾರೆ."

"ಹಾಗಾದ್ರೆ ಯಾರು?"

"ನೀವು ವಾಪಸ್ ಹೋಗಿ ಮೂರನೇ ಕೌಂಟರಿನಿಂದ ಈ ತಿಂಗಳು ತಿರಸ್ಕರಿಸಿದ ಹೊಸ ಅರ್ಜಿಗಳನ್ನೆಲ್ಲ ತಂದಿಡಿ," ಎಂದರು ಯಾಕಮ್ಮ. "ಗುರುವಾರ ನಾಲ್ಕು ಗಂಟೆಗೆ ಆಯಮ್ಮನ್ನ ಕರೆಸಿ."

"ತಿರಸ್ಕರಿಸಿದ ಅರ್ಜಿ ಯಾಕೆ ಮೇಡಂ?"

ಯಾಕಮ್ಮ ನಕ್ಕರು. ತಮ್ಮ ಪದ ಬೇರೆಯವರ ಬಾಯಲ್ಲಿ ಕೇಳಿದಾಗ ಅವರಿಗೆ ಖುಷಿಯಾಗುತ್ತಿತ್ತು.

*

ಗುರುವಾರ ನಾಲ್ಕಕ್ಕೆ ಹೊಲಿಗೆಯಾಕೆ ಬಂದಳು. ಯಾಕಮ್ಮನ ಮೇಜಿನೆದುರು ಕುರ್ಚಿಯ ಅಂಚಿನಲ್ಲಿ ಕೂತಳು. ಗುಮಾಸ್ತ ಪಕ್ಕದಲ್ಲಿ ನಿಂತ.

"ಪತ್ರದಲ್ಲಿ ಎಷ್ಟು ಜನ ಅಂತಿದೆ, ಗುಮಾಸ್ತರೇ?"

"ನಾಲ್ವರು."

"ಕಾರ್ಡಿನಲ್ಲಿ?"

"ಐವರು." ಹೇಳುತ್ತಿದ್ದಂತೆ ನಾಲಿಗೆ ಕಚ್ಚಿಕೊಂಡ. ಅದನ್ನೂ ಅವನು ಗಮನಿಸಿರಲಿಲ್ಲ.

"ಮಾಲೀಕರು ಐದು ಅಂತಾರೆ. ಅಂಗಡಿಯವರು ಐದು ಅಂತಾರೆ. ಬೀದಿಗೆ ಬೀದಿಯೇ ಐದು ಅನ್ನುವಾಗ ಪತ್ರ ಬರೆದವನೊಬ್ಬ ಮಾತ್ರ ನಾಲ್ಕು ಅಂತಾನೆ. ಯಾಕೆ? ಅವನ ಲೆಕ್ಕವೇ ಸರಿ. ರಾತ್ರಿ ದುಡಿಯೋನು ಹಗಲು ಮಲಗಬೇಕಲ್ಲ? ಆ ಮಂಚದ ಮೇಲೆ ಎದೆಮಟ್ಟ ಬಟ್ಟೆ ಗಂಟು. ಅಡಿಯ ಗಂಟಿನ ಹಗ್ಗದ ಮೇಲೆ ಒಂದು ಬೆರಳು ಧೂಳು. ಅಲ್ಲಿ ತಿಂಗಳುಗಟ್ಟಲೆ ಯಾರೂ ಮಲಗಿಲ್ಲ. ನಿಮ್ಮ ಮಗ ಮನೆ ಬಿಟ್ಟು ಎಷ್ಟು ದಿನವಾಯ್ತಮ್ಮ?"

"ಹದಿನಾಲ್ಕು ತಿಂಗಳು."

"ಜಗಳ?"

"ಫ್ಲೆಕ್ಸ್ ಪ್ರಿಂಟ್ ಹಾಕೋ ಅಂಗಡಿಗೆ ಕೆಲಸಕ್ಕೆ ಸೇರಿದ. ಆ ಅಂಗಡಿಗಳು ಬಂದ ಮೇಲೇ ನಮ್ಮವರ ಬೋರ್ಡಿನ ಕೆಲಸ ಕಮ್ಮಿಯಾಗಿದ್ದು. ಅಪ್ಪ, 'ಅದೇ ಅನ್ನ ತಿನ್ನೋದಾದ್ರೆ ನನ್ನ ಹೊಸ್ತಿಲು ತುಳೀಬೇಡ' ಅಂದ್ರು. ಇವನು ತುಳೀಲಿಲ್ಲ."

"ಹದಿನಾಲ್ಕು ತಿಂಗಳು. ಲಕ್ವ ಹೊಡೆದದ್ದು ಹತ್ತು ತಿಂಗಳ ಹಿಂದೆ." ಯಾಕಮ್ಮ ಆ ಸಹಿಯ ಹಾಳೆಯನ್ನು ಮೇಜಿನ ನಡುವೆ ಇಟ್ಟರು. "ಖೋಟಾ ಮಾಡುವವನಿಗೆ ಬುದ್ಧಿ ಇದ್ದರೆ ಹೆಬ್ಬೆಟ್ಟು ಒತ್ತುತ್ತಿದ್ದ. ಅದು ಸುಲಭ, ಇಲ್ಲಿ ಯಾರೂ ಪರೀಕ್ಷೆಗೆ ಕಳಿಸಲ್ಲ. ಇವನು ಇಷ್ಟು ಕಷ್ಟಪಟ್ಟು ಸಹಿ ಬರೆದ. ಯಾಕೆ? ಆ ಕೈ ಈಗಲೂ ಬರೆಯುತ್ತೆ ಅಂದುಕೊಂಡಿದ್ದ. ಮಾಲೀಕರಿಗೆ ಗೊತ್ತು, ಅಂಗಡಿಯವರಿಗೆ ಗೊತ್ತು, ಮನೆಯವರಿಗಂತೂ ಗೊತ್ತೇ ಇದೆ. ಮನೇಲಿ ನಾಲ್ವರೇ ಅಂತ ಗೊತ್ತಿರಬೇಕು, ಆದರೆ ಕೈ ಬಿದ್ದದ್ದು ಗೊತ್ತಿರಬಾರದು. ಅಂಥವನು ಒಬ್ಬನೇ. ಅಪ್ಪನ ಪಕ್ಕ ಕೂತು ಅಕ್ಷರ ಕಲಿತವನು. ಪತ್ರ ಬರೆದವನು ನಿಮ್ಮ ಮಗ."

ಆಕೆ ಹಾಳೆಯನ್ನು ತನ್ನತ್ತ ಎಳೆದುಕೊಂಡಳು.

"ನಿಮಗೆ ಇದು ಮೊದಲ ದಿನವೇ ಗೊತ್ತಿತ್ತು," ಎಂದರು ಯಾಕಮ್ಮ, ದನಿ ತಗ್ಗಿಸಿ. "ಹೊಟ್ಟೆ ಮೇಲೆ ಹೊಡೆಸಿಕೊಂಡವರು ಕಳ್ಳನನ್ನ ಹಿಡೀರಿ ಅಂತಾರೆ. ನೀವು ಹೊಸ ಅರ್ಜಿ ಕೇಳಿದ್ರಿ."

"ಬದುಕಿದಾನೋ ಇಲ್ವೋ ಅನ್ನೋದೂ ಗೊತ್ತಿರ್ಲಿಲ್ಲ ಮೇಡಂ." ಆಕೆ ಸೆರಗು ಬಾಯಿಗೊತ್ತಿಕೊಂಡಳು. "ಆ ಬಾಲ ನೋಡಿದ ತಕ್ಷಣ ತಿಳೀತು. ಅವರ ಅಪ್ಪಂದು ಬಲಕ್ಕೆ ಬಾಗುತ್ತೆ, ಇವನದು ಚೂರು ಮೇಲಕ್ಕೆ. ಇದಾನೆ, ಇದೇ ಊರಲ್ಲಿದಾನೆ. ಕಾರ್ಡು ಹೋದ್ರೆ ಹೋಗ್ಲಿ ಅನ್ನಿಸ್ತು. ನೀವು ತನಿಖೆ ಅಂದ್ರಿ. ಎಲ್ಲಿ ಪೊಲೀಸು ಅಂತ ಹೋಗುತ್ತೋ ಅಂತ ಜೀವ ಹೋಯ್ತು."

"ಕಾರ್ಡಿನಿಂದ ಅವನ ಹೆಸರು ಯಾಕೆ ತೆಗೆಸಲಿಲ್ಲ?"

"ಹೇಗೆ ತೆಗೆಸಲಿ? ಸತ್ತವರ ಹೆಸರು ತಾನೆ ತೆಗೆಸೋದು?"

ಗುಮಾಸ್ತನಿಗೆ ಇನ್ನೊಂದು ಗಂಟು ಬಿಡಿಸಬೇಕಿತ್ತು. "ಆದ್ರೆ ಮೇಡಂ, ಸ್ವಂತ ಮನೆಯವರ ಅನ್ನ ಕಿತ್ತು ಅವನಿಗೇನು ಸಿಗುತ್ತೆ?"

"ಅನ್ನ." ಯಾಕಮ್ಮ ಇನ್ನೊಂದು ಕಡತ ತೆರೆದರು. "ಅದಕ್ಕೇ ನಿಮ್ಮಿಂದ ತಿರಸ್ಕರಿಸಿದ ಅರ್ಜಿಗಳನ್ನ ತರಿಸಿದ್ದು. ನೋಡಿ, ಇದು ಇವರ ಮಗನದೇ ಅರ್ಜಿ. ಫ್ಲೆಕ್ಸ್ ಅಂಗಡಿ ಮುಚ್ಚಿದೆ, ಈಗ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ. ಕಡುಬಡವ, ಎಲ್ಲ ಷರತ್ತೂ ಸರಿ. ಆದರೂ ಮೂರನೇ ಕೌಂಟರಿನಲ್ಲಿ ಅರ್ಜಿ ವಾಪಸ್: 'ಅರ್ಜಿದಾರರ ಹೆಸರು ಈಗಾಗಲೇ ಇನ್ನೊಂದು ಕಾರ್ಡಿನಲ್ಲಿದೆ.' ತೆಗೆಸೋಕೆ ಆ ಮನೆಯ ಯಜಮಾನರ ಸಹಿ ಬೇಕು. ಹೊಸ್ತಿಲು ತುಳೀಬೇಡ ಅಂದ ಅಪ್ಪನ ಹತ್ರ ಹೋಗಿ ಕೇಳ್ತಾನಾ? ನಾಲ್ಕು ದಿನ ಬಿಟ್ಟು ನಮ್ಮ ಪೆಟ್ಟಿಗೆಗೆ ಈ ಪತ್ರ ಬಿತ್ತು."

"ಬೇರೆ ಕಾರ್ಡು ಬೇಕಂದ್ರೆ ಒಬ್ಬನೇ ಅಲ್ಲ ಅಂತಾಯ್ತು," ಎಂದಳು ಹೊಲಿಗೆಯಾಕೆ ನಿಧಾನವಾಗಿ. "ಮನೆ ಮಾಡಿದಾನಾ?"

ಯಾಕಮ್ಮ ಅರ್ಜಿಯ ಎರಡನೇ ಪುಟವನ್ನು ಆಕೆಯತ್ತ ತಿರುಗಿಸಿದರು. ಕುಟುಂಬದ ಸದಸ್ಯರು: ಅರ್ಜಿದಾರ. ಹೆಂಡತಿ. ಹೆಣ್ಣು ಶಿಶು, ಎರಡು ತಿಂಗಳು.

ಆಕೆ ಕೊನೆಯ ಸಾಲನ್ನು ಓದಿದಳು. ಓದು ಬರದವಳಂತೆ ಮತ್ತೆ ಮೊದಲಿನಿಂದ ಓದಿದಳು.

"ಅವನನ್ನೂ ನಾಲ್ಕಕ್ಕೇ ಬರಹೇಳಿದೀನಿ. ಕರೀರಿ," ಎಂದರು ಯಾಕಮ್ಮ ಗುಮಾಸ್ತನಿಗೆ.

ಮೂರನೇ ಕೌಂಟರಿನ ಕಡೆಯಿಂದ ಬಂದವನಿಗೆ ಇಪ್ಪತ್ತನಾಲ್ಕು ಇದ್ದೀತು. ಭುಜದ ಮೇಲೆ ಮೂಟೆಯ ಸುಣ್ಣದಂಥ ಧೂಳು. ತಾಯಿಯನ್ನು ನೋಡಿದವನೇ ಬಾಗಿಲಲ್ಲೇ ನಿಂತುಬಿಟ್ಟ. ಮೇಜಿನ ಮೇಲಿನ ಹಾಳೆಯನ್ನೂ ನೋಡಿದ.

"ನಾನೇ ಬರೆದಿದ್ದು," ಎಂದ ಯಾರೂ ಕೇಳುವ ಮೊದಲೇ. "ಟೈಪ್ ಮಾಡೋನು ಹೇಳ್ದ, ರದ್ದಾದ್ರೆ ಅವರು ವಾರದಲ್ಲಿ ಮತ್ತೆ ಮಾಡಿಸ್ಕೋಬಹುದು ಅಂತ. ಅಪ್ಪ ಹೇಗೂ ದುಡೀತಾರೆ, ಒಂದು ವಾರಕ್ಕೇನಾಗುತ್ತೆ ಅಂದ್ಕೊಂಡೆ."

"ನಿಮ್ಮಪ್ಪನ ಬಲಗೈ ಬಿದ್ದುಹೋಗಿ ಹತ್ತು ತಿಂಗಳಾಯ್ತು ಕಣೋ," ಎಂದಳು ತಾಯಿ.

ಅವನು ತನ್ನ ಬಲಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡ.

ಯಾಕಮ್ಮ ಪೆನ್ನಿನ ಮುಚ್ಚಳ ತೆಗೆದರು. "ಇದ್ದದ್ದು ಇದ್ದ ಹಾಗೇ ಬರೀತೀನಿ, ಸುಳ್ಳು ಸೇರಿಸಲ್ಲ. ಸಹಿ ಯಜಮಾನರದಲ್ಲ, ಹಾಗಾಗಿ ರದ್ದತಿ ಅಸಿಂಧು. ಕಾರ್ಡು ಈ ತಿಂಗಳಿಂದಲೇ ಮತ್ತೆ ಚಾಲ್ತಿ, ನಾಲ್ವರ ಹೆಸರಲ್ಲಿ. ಹೆಚ್ಚಿಗೆ ತಗೊಂಡ ಒಬ್ಬರ ಪಾಲು ತಿಂಗಳಿಗಿಷ್ಟು ಅಂತ ಕಡಿತವಾಗುತ್ತಮ್ಮ. ನೀನು ತಪ್ಪೊಪ್ಪಿಗೆ ಬರೆದುಕೊಡಬೇಕಪ್ಪ. ಮೇಲಿನವರು ದಂಡ ಹಾಕಬಹುದು, ಎಚ್ಚರಿಕೆ ಕೊಟ್ಟು ಬಿಡಬಹುದು. ಅದು ನನ್ನ ಕೈಲಿಲ್ಲ. ಹೊಸ ಕಾರ್ಡಿಗೆ ಶಿಫಾರಸು ನನ್ನ ಕೈಲಿದೆ, ಮಾಡ್ತೀನಿ. ಗುಮಾಸ್ತರೇ, ಪುಟ ಮಗುಚದೆ ತಾಳೆ ನೋಡಿದ್ದಕ್ಕೆ ನೀವೂ ಒಂದು ವಿವರಣೆ ಬರೆದುಕೊಡಿ."

"ಸರಿ ಮೇಡಂ," ಎಂದ ಗುಮಾಸ್ತ. ಹೆಸರು ವರ್ಗಾವಣೆಯ ಫಾರಂ ತಂದು ಹೊಲಿಗೆಯಾಕೆಯ ಮುಂದಿಟ್ಟ. ಯಜಮಾನ ಬರಲಾಗದಿದ್ದರೆ ಹೆಂಡತಿ ಸಹಿ ಮಾಡಬಹುದೆಂಬ ನಿಯಮವನ್ನೂ ಈ ಸಲ ಓದಿ ನೋಡಿಯೇ ಹೇಳಿದ.

ಆಕೆ ಪೆನ್ನು ಹಿಡಿದಳು. ಸಹಿ ಮಾಡಲಿಲ್ಲ. ಮಗನನ್ನೇ ನೋಡಿದಳು.

"ಮಗೂನ ಯಾರ ಹತ್ರ ಬಿಟ್ಟು ಬಂದೆ?"

"ಅವಳ ಹತ್ರ ಇದೆ. ಹೊರಗೆ ಬೆಂಚಿನ ಮೇಲೆ ಕೂತಿದಾರೆ."

"ಇಷ್ಟು ಬಿಸಿಲಲ್ಲಾ?"

ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಪೆನ್ನು ಮೇಜಿನ ಮೇಲೆ ಉರುಳಿತು. ಆಕೆ ಮಗನನ್ನು ದಾಟಿ, ಸಾಲಿನಲ್ಲಿ ನಿಂತವರನ್ನು ಪಕ್ಕಕ್ಕೆ ಸರಿಸಿಕೊಂಡು ಬಾಗಿಲ ಹೊರಗೆ ಹೋಗಿಯಾಗಿತ್ತು. ಮಗ ಅವಳ ಹಿಂದೆ ಓಡಿದ.

ಗುಮಾಸ್ತ ಖಾಲಿ ಫಾರಂ ಎತ್ತಿಕೊಂಡು ಎರಡು ಹೆಜ್ಜೆ ಇಟ್ಟ. "ಮೇಡಂ, ಸಹಿ ಬಾಕಿ!"

"ಬರ್ತಾರೆ ಬಿಡಿ," ಎಂದರು ಯಾಕಮ್ಮ ವರದಿಯ ಹಾಳೆಯಿಂದ ತಲೆ ಎತ್ತದೆ. "ಕೌಂಟರು ಐದೂವರೆವರೆಗೆ ತೆರೆದಿರುತ್ತಲ್ಲ."